ಟೊಂಕ ನೋವಿಗೆ ಮೊದಲು ಯಾರ ಹತ್ತಿರ ಹೋಗಬೇಕು, ಯಾವ ಪರೀಕ್ಷೆ ಮಾಡಿಸಬೇಕು?

"ಕಾಕಾ, ಟೊಂಕ ಹಿಡದೈತ್ರಿ. ಎಕ್ಸ್‌ರೇ ತಗಸೂಣೋ, ಸೀದಾ ಎಂಆರ್‌ಐನ ಮಾಡಸೂಣೋ?"

ಗುಳೇದಗುಡ್ಡದಲ್ಲಿ ನನ್ನದೊಂದು ಔಷಧಿ ಅಂಗಡಿ. ವಾರಕ್ಕೆ ನಾಲ್ಕೈದು ಸಲ ಈ ಪ್ರಶ್ನೆ ಕೌಂಟರಿಗೆ ಬರುತ್ತದೆ. ಕೇಳುವವರಲ್ಲಿ ಅರ್ಧ ಜನ ಖಣ ನೇಯುವವರು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ದಿನಕ್ಕೆ ಎಂಟ್ಹತ್ತು ತಾಸು ಕೂತರೆ ಟೊಂಕ ಸುಮ್ನೆ ಇರುತ್ತದೆಯೇ? ಉಳಿದವರು ಕಬ್ಬು ಕಡಿಯುವವರು, ಬೈಕಿನಲ್ಲಿ ಹಳ್ಳಿ ಹಳ್ಳಿ ತಿರುಗುವವರು, ಮೊಮ್ಮಗುವನ್ನು ಎತ್ತಲು ಬಗ್ಗಿ ಹಾಗೇ ನಿಂತುಬಿಟ್ಟ ಅಜ್ಜಿಯರು.

ನಾನು ಡಾಕ್ಟರಲ್ಲ. ಆದರೆ ಇಪ್ಪತ್ತು ವರ್ಷ ಚೀಟಿ ಓದಿದ್ದೇನೆ, ರಿಪೋರ್ಟ್ ನೋಡಿದ್ದೇನೆ, ನನ್ನ ಟೊಂಕವೇ ಒಮ್ಮೆ ಕೈಕೊಟ್ಟಿತ್ತು. ಯಾರ ಹತ್ತಿರ ಹೋಗಬೇಕು, ಯಾವ ಪರೀಕ್ಷೆಗೆ ದುಡ್ಡು ಹಾಕಬೇಕು ಅನ್ನುವುದನ್ನು ಹೇಗೆ ತೂಗುತ್ತೇನೆ ಎಂದು ಇಲ್ಲಿ ಬರೆದಿದ್ದೇನೆ.

ಯಾವ ಆಯ್ಕೆ ಮುಂದೆ ಬಂದರೂ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ. ಫಲಿತಾಂಶ ಬಂದ ಮೇಲೆ ಚಿಕಿತ್ಸೆ ಬದಲಾಗುತ್ತದೆಯೇ? ರಿಪೋರ್ಟ್ ಏನೇ ಬಂದರೂ ಅದೇ ಗುಳಿಗೆ, ಅದೇ ವ್ಯಾಯಾಮ ಅಂತಾದರೆ ಆ ದುಡ್ಡು ಯಾಕೆ? ಎರಡನೆಯದು, ಒಟ್ಟು ಖರ್ಚು ಎಷ್ಟು? ಬಿಲ್ ಒಂದೇ ಅಲ್ಲ. ಬಸ್ ಚಾರ್ಜು, ಜೊತೆಗೆ ಬಂದವರ ಪಗಾರ, ಆ ದಿನ ನಿಂತ ಮಗ್ಗ, ಎಲ್ಲ ಲೆಕ್ಕಕ್ಕೆ ಬರಬೇಕು. ಮೂರನೆಯದು, ತಡ ಮಾಡಿದರೆ ಏನು ಕೆಡುತ್ತದೆ? ನಾಲ್ಕನೆಯದನ್ನು ಜನ ಮರೆತೇಬಿಡುತ್ತಾರೆ: ಪರೀಕ್ಷೆಯಿಂದಲೇ ಏನಾದರೂ ಕೆಡುಕಾಗುತ್ತದೆಯೇ? ವಿಕಿರಣ ಒಂದು ಬಗೆಯ ಕೆಡುಕು. ಇಲ್ಲದ ಹೆದರಿಕೆ ಹುಟ್ಟುವುದು ಇನ್ನೊಂದು ಬಗೆ, ಅದು ಸಣ್ಣದಲ್ಲ.

ಇವಿದ್ದರೆ ಹೋಲಿಕೆ ಬೇಡ, ಗಾಡಿ ಹತ್ತಿ

ಟೊಂಕ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋಗುತ್ತಿದ್ದರೆ, ಮಲದ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಎರಡೂ ಕಾಲಲ್ಲಿ ಶಕ್ತಿ ಇಳಿಯುತ್ತಿದ್ದರೆ, ಬೆನ್ನೆಲುಬಿನ ಕೊನೆಯಲ್ಲಿರುವ ನರಗಳ ಗೊಂಚಲು ಒತ್ತಿಹೋಗಿರಬಹುದು. ಇಲ್ಲಿ ಲೆಕ್ಕ ದಿನಗಳದ್ದಲ್ಲ, ತಾಸುಗಳದ್ದು. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಬೇಡ, ಫಿಸಿಯೋ ಬೇಡ. 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅವತ್ತೇ ಎಂಆರ್‌ಐ ಆಗಬೇಕು. ನಮ್ಮ ಕಡೆ ಹೆಂಗಸರು ಇದನ್ನು ತಾವಾಗಿ ಹೇಳುವುದೇ ಇಲ್ಲ. "ಅಕ್ಕಾರ, ಒಂದಕ್ಕ ಹೋಗೂದು ಬರೋಬ್ಬರಿ ಐತೇನ್ರಿ?" ಎಂದು ನಾನೇ ಕೇಳುತ್ತೇನೆ. ನಾಚಿಕೆ ಪಟ್ಟುಕೊಂಡು ಕೂತರೆ ಆಮೇಲೆ ಆಪರೇಷನ್ ಮಾಡಿದರೂ ಹಿಡಿತ ವಾಪಸ್ ಬರದೆ ಹೋಗಬಹುದು.

ಇನ್ನು ಕೆಲವಕ್ಕೆ ತಾಸಿನ ಅವಸರ ಇಲ್ಲ, ಆದರೆ ಈ ವಾರವೇ ಡಾಕ್ಟರು ನೋಡಬೇಕು. ಜ್ವರ ಮತ್ತು ತೂಕ ಇಳಿಯುವುದು. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಬೆನ್ನು ನೋವು. ಮಲಗಿದರೂ ಕಡಿಮೆಯಾಗದೆ ರಾತ್ರಿ ಎಬ್ಬಿಸುವ ನೋವು. ವಯಸ್ಸಾದವರು ಬಿದ್ದ ಮೇಲೆ ಬಂದ ನೋವು. ತುಂಬಾ ದಿನ ಸ್ಟೆರಾಯ್ಡ್ ತೆಗೆದುಕೊಂಡವರು. ಯಾರೋ ಕೊಟ್ಟ ಹೆಸರಿಲ್ಲದ "ಕೀಲುನೋವಿನ ಪುಡಿ" ತಿಂಗಳುಗಟ್ಟಲೆ ತಿಂದವರೂ ಇದರಲ್ಲೇ ಬಂದರು, ಯಾಕೆಂದರೆ ಅಂಥ ಪುಡಿಯಲ್ಲಿ ಎಷ್ಟೋ ಸಲ ಇರುವುದು ಸ್ಟೆರಾಯ್ಡೇ.

ನಮ್ಮ ಭಾಗಕ್ಕೇ ಸೇರಿದ ಮೂರು ಮಾತು ಇಲ್ಲಿ ಹೇಳಬೇಕು. ಬೆನ್ನೆಲುಬಿನ ಟಿಬಿ ಇನ್ನೂ ಹೋಗಿಲ್ಲ. ಕೆಮ್ಮು ಇಲ್ಲದೆಯೂ ಅದು ಬರುತ್ತದೆ. ಕುರಿ, ಆಡು, ದನ ಸಾಕುವವರಿಗೆ, ಹಸಿ ಹಾಲು ಕುಡಿಯುವವರಿಗೆ ಬ್ರುಸೆಲ್ಲಾ ಎಂಬ ಸೋಂಕು ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಟೊಂಕ ನೋವು ಅದರ ಲಕ್ಷಣ. ವಿಜಯಪುರದ ವೈದ್ಯರು ಈ ರೋಗದ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಹಾಗಾಗಿ "ಮನ್ಯಾಗ ಕುರಿ ಅದಾವೇನು" ಎಂದು ಡಾಕ್ಟರು ಕೇಳಿದರೆ ಹರಟೆ ಅಂದುಕೊಳ್ಳಬೇಡಿ. ಮೂರನೆಯದು ನೀರು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವುದು ಮಿತಿ. ಅದಕ್ಕಿಂತ ತುಂಬಾ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು ಬಿಗಿದು ಕೋಲಿನಂತಾಗಬಹುದು. ಮನೆಯಲ್ಲಿ ನಾಲ್ಕು ಜನರ ಹಲ್ಲಿನ ಮೇಲೆ ಕಂದು ಪಟ್ಟಿ ಇದ್ದರೆ ಆ ಮಾತನ್ನೂ ಡಾಕ್ಟರ ಕಿವಿಗೆ ಹಾಕಿ.

ಇವು ಯಾವುದೂ ಇಲ್ಲವೇ? ಹಾಗಾದರೆ ನೀವು ದೊಡ್ಡ ಗುಂಪಿಗೆ ಸೇರಿದವರು. ಟೊಂಕ ನೋವಿನ ನೂರು ಜನರಲ್ಲಿ ಸುಮಾರು ತೊಂಬತ್ತು ಜನರಿಗೆ ಇಂಥದ್ದೇ ಎಲುಬು, ಇಂಥದ್ದೇ ನರ ಎಂದು ಬೆರಳಿಟ್ಟು ತೋರಿಸುವ ಕಾರಣ ಸಿಗುವುದಿಲ್ಲ. ಹಾಗಂತ ನೋವು ಸುಳ್ಳಲ್ಲ. ಚಿತ್ರದಲ್ಲಿ ಹಿಡಿಯುವ ಜಾತಿಯ ನೋವಲ್ಲ, ಅಷ್ಟೇ.

ನನ್ನ ಎಂಆರ್‌ಐ ಕಥೆ

ಕೆಲವು ವರ್ಷದ ಹಿಂದೆ ಗ್ಲೂಕೋಸ್ ಬಾಟಲಿಗಳ ಪೆಟ್ಟಿಗೆ ಎತ್ತುವಾಗ ಟೊಂಕ ಕಟಕ್ ಅಂದಿತು. ಔಷಧಿ ಅಂಗಡಿಯವನು ನಾನು, ಎಲ್ಲ ಗೊತ್ತು ಅನ್ನುವ ಜಂಬ ಬೇರೆ. ಮೂರನೇ ದಿನಕ್ಕೆ, ಡಾಕ್ಟರ ಮುಖ ನೋಡುವ ಮೊದಲೇ, ಒಂದು ಸ್ಕ್ಯಾನ್ ಸೆಂಟರಿಗೆ ಹೋಗಿ ಎಂಆರ್‌ಐ ಮಾಡಿಸಿದೆ. ಅವರೂ ಚೀಟಿ ಕೇಳಲಿಲ್ಲ. "ಎಲ್4-ಎಲ್5 ಡಿಸ್ಕ್ ಬಲ್ಜ್, ಡಿಸ್ಕ್ ಸವೆತ" ಎಂದು ರಿಪೋರ್ಟ್ ಬಂತು. ಅಂದರೆ ಟೊಂಕದ ನಾಲ್ಕನೇ, ಐದನೇ ಎಲುಬಿನ ನಡುವಿನ ಮೆತ್ತೆ ಉಬ್ಬಿದೆ, ಸವೆದಿದೆ. ಅದನ್ನು ಓದಿದ ದಿನದಿಂದ ನಾನು ರೋಗಿಯಾದೆ. ಪೆಟ್ಟಿಗೆ ಮುಟ್ಟಲಿಲ್ಲ, ಬೈಕ್ ಬಿಟ್ಟೆ, ಹಲಗೆ ಮೇಲೆ ಮೂರು ವಾರ ಮಲಗಿದೆ. ನೋವು ಹೋಗಲಿಲ್ಲ, ಇನ್ನೂ ಬಿಗಿಯಿತು.

ಕೊನೆಗೆ ಬಾಗಲಕೋಟೆಯಲ್ಲಿ ಹಿರಿಯ ಎಲುಬಿನ ಡಾಕ್ಟರೊಬ್ಬರು ನೋಡಿದರು. ಫಿಲಂ ಕೈಗೆ ಕೊಟ್ಟರೆ ಕವರಿನಿಂದ ತೆಗೆಯಲೂ ಇಲ್ಲ, ಪಕ್ಕಕ್ಕಿಟ್ಟರು. "ಚಪ್ಪಲಿ ಬಿಡ್ರಿ. ಹಿಮ್ಮಡಿ ಮ್ಯಾಲ ನಾಕ್ ಹೆಜ್ಜಿ ನಡೀರಿ." ನಡೆದೆ. "ಈಗ ತುದಿಗಾಲ ಮ್ಯಾಲ." ಅದೂ ಆಯಿತು. ಮುಂದೆ, ಹಿಂದೆ ಬಗ್ಗಿಸಿದರು. ಮಲಗಿಸಿ, ಮೊಣಕಾಲು ಮಡಚದಂತೆ ಹಿಡಿದು ಒಂದೊಂದೇ ಕಾಲನ್ನು ನಿಧಾನ ಮೇಲೆತ್ತಿದರು. ಕಾಲಿನ ಹೆಬ್ಬೆರಳನ್ನು ನನ್ನ ಕಡೆಗೆ ಎತ್ತಿ ಹಿಡಿಯಲು ಹೇಳಿ ತಾವು ಕೆಳಗೆ ಒತ್ತಿದರು. ಮೊಣಕಾಲಿಗೆ, ಹಿಮ್ಮಡಿಯ ಹಿಂಭಾಗಕ್ಕೆ ರಬ್ಬರ್ ಸುತ್ತಿಗೆಯಿಂದ ಬಡಿದರು. ಪಾದದ ಮೇಲೆ, ಪಕ್ಕದಲ್ಲಿ ಹತ್ತಿ ಆಡಿಸಿ "ಎರಡೂ ಕಡೆ ಒಂದ ಸವಾ ಅನಸ್ತದೇನು?" ಎಂದು ಕೇಳಿದರು. ಹದಿನೈದು ನಿಮಿಷ. ಆಮೇಲೆ ಫಿಲಂ ನೋಡಿ, "ಇದು ನಿಮ್ಮ ವಯಸ್ಸಿಂದು, ನಿಮ್ಮ ನೋವಿಂದಲ್ಲ. ನಾಳಿಂದ ನಡದಾಡ್ರಿ" ಅಂದರು.

ಅವರು ನೋಡಿದ್ದು ಏನು ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಡಿಸ್ಕ್ ಜಾರುವುದು ಬಹುಪಾಲು, ನೂರಕ್ಕೆ 95ರಷ್ಟು, ಕೆಳಗಿನ ಎರಡು ಡಿಸ್ಕ್‌ಗಳಲ್ಲೇ. ಅಲ್ಲಿಂದ ಹೊರಡುವ ನರಗಳು ಕಾಲಿನಲ್ಲಿ ತಮ್ಮ ಗುರುತು ಬಿಡುತ್ತವೆ. ಹೆಬ್ಬೆರಳು ಎತ್ತಲು ಶಕ್ತಿ ಇಲ್ಲ, ಹಿಮ್ಮಡಿ ಮೇಲೆ ನಡೆಯಲು ಆಗುತ್ತಿಲ್ಲ ಅಂದರೆ ಎಲ್5 ನರ. ತುದಿಗಾಲಲ್ಲಿ ನಿಲ್ಲಲಾಗದೆ, ಹಿಮ್ಮಡಿಗೆ ಸುತ್ತಿಗೆ ಬಡಿದರೆ ಪಾದ ಜಿಗಿಯದಿದ್ದರೆ ಅದರ ಕೆಳಗಿನ ಎಸ್1 ನರ. ಮೊಣಕಾಲಿನ ಜಿಗಿತ ಹೋಗಿದ್ದರೆ ಎಲ್4. ಕಾಲೆತ್ತುವ ಪರೀಕ್ಷೆಯಲ್ಲಿ 30ರಿಂದ 70 ಡಿಗ್ರಿ ಒಳಗೆ ಮೊಣಕಾಲಿನ ಕೆಳಗೂ ಕರೆಂಟ್ ಹೊಡೆದಂತೆ ನೋವು ಓಡಬೇಕು, ಆಗ ಲೆಕ್ಕಕ್ಕೆ ಬರುತ್ತದೆ. ಬರೀ ಟೊಂಕ ನೋಯುವುದು, ತೊಡೆ ಹಿಂದೆ ಜಗ್ಗುವುದು ಲೆಕ್ಕಕ್ಕಿಲ್ಲ. ಚೆನ್ನಾಗಿರುವ ಕಾಲು ಎತ್ತಿದಾಗ ನೋಯುವ ಕಾಲಿಗೆ ನೋವು ಹೊಡೆದರೆ ಡಿಸ್ಕ್ ನರವನ್ನು ಒತ್ತುತ್ತಿದೆ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ.

ಇದಕ್ಕೆ ಯಂತ್ರ ಬೇಡ, ಕರೆಂಟ್ ಬೇಡ. ನನ್ನ ನಾಲ್ಕು ಪ್ರಶ್ನೆಗಳಲ್ಲೂ ಗೆಲ್ಲುವುದು ಇದೊಂದೇ. ಹಾಗಾಗಿ "ಯಾವ ಡಾಕ್ಟರು" ಎಂದು ಕೇಳಿದವರಿಗೆ ನಾನು ಹೇಳುವುದು, ಚಪ್ಪಲಿ ಬಿಡಿಸುವ ಡಾಕ್ಟರು. ಕುರ್ಚಿಯಿಂದ ಏಳಿಸದೆ ಸ್ಕ್ಯಾನಿಗೆ ಚೀಟಿ ಬರೆದರೆ ಇನ್ನೊಬ್ಬರ ಹತ್ತಿರ ಹೋಗಿ.

ಯಾರ ಹತ್ತಿರ?

ಯಾರ ಹತ್ತಿರವೂ ಹೋಗದೆ ಕಾಯುವುದೂ ಒಂದು ಆಯ್ಕೆಯೇ. ಮೊದಲ ಸಲ ಬಂದದ್ದು, ವಯಸ್ಸು ಐವತ್ತರ ಒಳಗೆ, ಮೇಲಿನ ಅಪಾಯದ ಗುರುತು ಇಲ್ಲ, ಕಾಲಿಗೆ ಇಳಿದಿಲ್ಲ ಅಂದರೆ ಒಂದೆರಡು ವಾರ ಕಾಯಬಹುದು. ಇಂಥ ನೋವಿನಲ್ಲಿ ಬಹುಪಾಲು ಆರು ವಾರದೊಳಗೆ ತಾನೇ ಇಳಿಯುತ್ತದೆ. ಮಲಗಿ ಕಾಯಬೇಡಿ, ಓಡಾಡುತ್ತಾ ಕಾಯಿರಿ. ಗುಳಿಗೆ ವಿಷಯದಲ್ಲಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಳ್ಳುತ್ತೇನೆ: ಬರೀ ಪ್ಯಾರಸಿಟಮಾಲ್ ಹೊಸ ಟೊಂಕ ನೋವನ್ನು ಬೇಗ ವಾಸಿಮಾಡುವುದಿಲ್ಲ ಎಂದು 2014ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಪ್ರಯೋಗವೊಂದು ತೋರಿಸಿತು. ಅದಕ್ಕಿಂತ ಜೋರಾದ ನೋವಿನ ಗುಳಿಗೆಗಳು ಬಿಪಿ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರಿಗೆ ಆಗಿಬರುವುದಿಲ್ಲ. ಕೌಂಟರಿನಲ್ಲಿ ಕೇಳಿ ನುಂಗುವ ವಸ್ತುವಲ್ಲ ಅವು.

ಉಳುಕು ತೆಗೆಯುವವರ ಬಗ್ಗೆ ಕೇಳುತ್ತಾರೆ. ಎಣ್ಣೆ ಹಚ್ಚಿ ಮೆತ್ತಗೆ ತಿಕ್ಕಿದರೆ ಹಿತ, ತೊಂದರೆ ಇಲ್ಲ. ಬೆನ್ನ ಮೇಲೆ ನಿಲ್ಲುವುದು, ಟೊಂಕ ತಿರುಚಿ ಕಟಕ್ ಅನಿಸುವುದು ಬೇಡವೇ ಬೇಡ. ಎಲುಬು ಸವೆದ ಅಜ್ಜಿಗೆ, ಒಳಗೊಳಗೇ ಟಿಬಿ ಇರುವವರಿಗೆ ಅದು ಜೀವನಪೂರ್ತಿ ಕಾಡಬಹುದು.

ಹತ್ತಿರದ ಪಿಎಚ್‌ಸಿ ಅಥವಾ ಊರಿನ ಎಂಬಿಬಿಎಸ್ ಡಾಕ್ಟರು ಮೊದಲ ಮೆಟ್ಟಿಲಿಗೆ ಸಾಕು. ಖರ್ಚಿಲ್ಲ ಅಥವಾ ಕಡಿಮೆ, ಅರ್ಧ ದಿನದಲ್ಲಿ ಮಗ್ಗಕ್ಕೆ ವಾಪಸ್. ಕೊರತೆ ಅಂದರೆ ಗದ್ದಲ. ಸರದಿಯ ಕೊನೆಗೆ ಹೋದರೆ ಸ್ವಲ್ಪ ಪುರಸೊತ್ತಿನಿಂದ ನೋಡುತ್ತಾರೆ. ಇನ್ನೊಂದು ಲಾಭವಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆ ಹಾದಿ ಇಲ್ಲಿಂದಲೇ ಶುರುವಾಗುತ್ತದೆ. ನೇರ ಖಾಸಗಿಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿ ಜಗಳ ಆಡುವವರನ್ನು ನೋಡಿ ಸಾಕಾಗಿದೆ.

ಫಿಸಿಯೋಥೆರಪಿಸ್ಟ್ ಹತ್ತಿರ ಸಿಗುವ ದೊಡ್ಡ ಲಾಭ ಸಮಯ. ನೀವು ಹೇಗೆ ಕೂರುತ್ತೀರಿ, ಹೇಗೆ ಎತ್ತುತ್ತೀರಿ ಎಂದು ನೋಡುತ್ತಾರೆ. ನೇಕಾರರಿಗೆ, ಡ್ರೈವರುಗಳಿಗೆ ಇದು ಗುಳಿಗೆಗಿಂತ ಮೇಲು. ಆದರೆ ದಿನಾ ಬಂದು ಬರೀ ಬಿಸಿ, ಕರೆಂಟ್ ಶಾಖ ಹಾಕಿಸಿಕೊಂಡು ಹೋಗಿ ಅಂದರೆ ಒಪ್ಪಬೇಡಿ. ಮನೆಯಲ್ಲಿ ಮಾಡುವ ವ್ಯಾಯಾಮ ಕಲಿಸಬೇಕು.

ಎಲುಬಿನ ತಜ್ಞರು ಯಾವಾಗ? ಆರು ವಾರವಾದರೂ ಇಳಿಯದಿದ್ದರೆ, ನೋವು ಮೊಣಕಾಲಿನ ಕೆಳಗೆ ಓಡುತ್ತಿದ್ದರೆ, ಪಾದದಲ್ಲಿ ಶಕ್ತಿ ಕಡಿಮೆ ಅನಿಸಿದರೆ. ಕೊನೆಯದಕ್ಕೆ ಆರು ವಾರ ಕಾಯಬೇಡಿ. ಬಾಗಲಕೋಟೆಯ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ, ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ಹೀಗೆ ಮೂರೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ. ಅಲ್ಲಿ ಮೊದಲು ಕಲಿಯುವ ಹುಡುಗರು ನೋಡುತ್ತಾರೆ ಎಂದು ಜನ ಗೊಣಗುತ್ತಾರೆ. ನನಗೆ ಅದೇ ಅನುಕೂಲ ಅನಿಸುತ್ತದೆ. ಕಲಿಯುವವರು ಸುತ್ತಿಗೆ, ಹತ್ತಿ ಎಲ್ಲ ತೆಗೆದು ಪೂರ್ತಿ ಪರೀಕ್ಷೆ ಮಾಡುತ್ತಾರೆ, ಆಮೇಲೆ ದೊಡ್ಡ ಡಾಕ್ಟರು ಇನ್ನೊಮ್ಮೆ ನೋಡುತ್ತಾರೆ. ಬೆಲೆ ಇಡೀ ದಿನ.

ಯಾವ ಪರೀಕ್ಷೆ?

ಎಕ್ಸ್‌ರೇ ಬಿಲ್ಲು ನೂರರ ಲೆಕ್ಕ, ಎಂಆರ್‌ಐ ಬಿಲ್ಲು ಸಾವಿರದ ಲೆಕ್ಕ. ಹಾಗಾಗಿ "ಸಸ್ತಾದಾಗ ಒಂದು ಎಕ್ಸ್‌ರೇ ಇರಲಿ ಬಿಡ್ರಿ" ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವುದು ಎಲುಬು. ಡಿಸ್ಕ್ ಕಾಣುವುದಿಲ್ಲ, ನರ ಕಾಣುವುದಿಲ್ಲ. ಟೊಂಕದ ಎಕ್ಸ್‌ರೇಗೆ ಎದೆಯ ಎಕ್ಸ್‌ರೇಗಿಂತ ಹತ್ತಾರು ಪಟ್ಟು ವಿಕಿರಣ ಬೇಕು. ಬಿದ್ದವರಿಗೆ, ಎಲುಬು ಕುಸಿದಿರಬಹುದಾದ ವಯಸ್ಸಾದವರಿಗೆ ಅದು ಒಳ್ಳೆಯ ಮೊದಲ ಪರೀಕ್ಷೆ. ಮೂವತ್ತರ ಹುಡುಗನಿಗೆ, ಭಾರ ಎತ್ತಿ ಹಿಡಿದುಕೊಂಡ ಟೊಂಕಕ್ಕೆ, ದುಡ್ಡೂ ದಂಡ ವಿಕಿರಣವೂ ದಂಡ. ಬಸಿರಿ ಇರಬಹುದು ಅನಿಸಿದರೆ ಮೊದಲೇ ಹೇಳಿಬಿಡಿ.

ಎಂಆರ್‌ಐಯಲ್ಲಿ ವಿಕಿರಣ ಇಲ್ಲ. ಡಿಸ್ಕ್, ನರ, ಸೋಂಕು, ಗಡ್ಡೆ ಎಲ್ಲ ಕಾಣುತ್ತದೆ. ಅದರ ತೊಂದರೆಯೇ ಅದು, ಬೇಡದ್ದೂ ಕಾಣುತ್ತದೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಅವರಲ್ಲಿ ನೂರಕ್ಕೆ 52 ಜನರಿಗೆ ಒಂದಲ್ಲ ಒಂದು ಡಿಸ್ಕ್ ಬಲ್ಜ್ ಇತ್ತು. 2015ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ನೋವಿಲ್ಲದ ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಜನರ ಡಿಸ್ಕ್ ಸವೆದಿತ್ತು. ಐವತ್ತರಲ್ಲಿ 80, ಎಂಬತ್ತರಲ್ಲಿ 96. ತಲೆಗೂದಲು ನೆರೆತ ಹಾಗೆ, ಅಲ್ವಾ? ಇದನ್ನು ನನಗೆ ಆಗಲೇ ಯಾರಾದರೂ ಹೇಳಿದ್ದರೆ ಮೂರು ವಾರ ಹಲಗೆ ಮೇಲೆ ಮಲಗುತ್ತಿರಲಿಲ್ಲ.

ಎಂಆರ್‌ಐಗೆ ದುಡ್ಡು ಹಾಕಬೇಕಾದ್ದು ಎಲ್ಲಿ? ಅಪಾಯದ ಗುರುತು ಇದ್ದಾಗ. ಕಾಲಿನ ಶಕ್ತಿ ಇಳಿಯುತ್ತಿದ್ದಾಗ. ಕಾಲಿನ ನೋವು ಆರು ವಾರ ದಾಟಿ, ಇಂಜೆಕ್ಷನ್ ಅಥವಾ ಆಪರೇಷನ್ ಮಾತು ಬಂದಾಗ. ಆಪರೇಷನ್‌ಗೆ ಹೇಗೂ ಒಪ್ಪುವುದಿಲ್ಲ, ಶಕ್ತಿ ಚೆನ್ನಾಗಿದೆ, ನೋವೂ ಇಳಿಯುತ್ತಿದೆ ಅಂದರೆ ಚಿತ್ರ ಇಟ್ಟುಕೊಂಡು ಏನು ಮಾಡುತ್ತೀರಿ? ಜಾರಿದ ಡಿಸ್ಕ್ ಎಷ್ಟೋ ಸಲ ತಾನೇ ಕುಗ್ಗುತ್ತದೆ.

ಮಾಡಿಸುವುದೇ ಆದರೆ 1.5 ಟೆಸ್ಲಾ (ಯಂತ್ರದ ಅಯಸ್ಕಾಂತದ ಬಲದ ಅಳತೆ) ಯಂತ್ರ ಟೊಂಕಕ್ಕೆ ಸಾಕು, ಮೂರರದ್ದಕ್ಕೆ ಜಾಸ್ತಿ ಕೊಡಬೇಕಿಲ್ಲ. ಕಡಿಮೆ ಶಕ್ತಿಯ ಓಪನ್ ಯಂತ್ರದಲ್ಲಿ ಚಿತ್ರ ಅಷ್ಟು ಸ್ಪಷ್ಟವಲ್ಲ, ಆದರೆ ಇಕ್ಕಟ್ಟಿಗೆ ಉಸಿರುಗಟ್ಟುವವರಿಗೆ ಅದೇ ದಾರಿ. ಬಣ್ಣದ ಇಂಜೆಕ್ಷನ್ (ಕಾಂಟ್ರಾಸ್ಟ್) ಎಲ್ಲರಿಗೂ ಬೇಡ. ಸೋಂಕು, ಗಡ್ಡೆಯ ಅನುಮಾನ ಇದ್ದರೆ, ಮೊದಲೇ ಆಪರೇಷನ್ ಆಗಿದ್ದರೆ ಮಾತ್ರ. ಪೇಸ್‌ಮೇಕರ್ ಇದ್ದರೆ ಬಾಗಿಲಲ್ಲೇ ಹೇಳಿ. ಎಂಆರ್‌ಐ ಆಗದು ಅಂದರೆ ಸಿಟಿ ಸ್ಕ್ಯಾನ್ ನೆರವಿಗೆ ಬರುತ್ತದೆ. ಸಿಟಿ ಎಲುಬನ್ನು ಚೆನ್ನಾಗಿ ತೋರಿಸುತ್ತದೆ, ವಿಕಿರಣ ಎಕ್ಸ್‌ರೇಗಿಂತ ಜಾಸ್ತಿ.

ರಕ್ತ ಪರೀಕ್ಷೆಯ "ಬೆನ್ನು ನೋವಿನ ಪ್ಯಾಕೇಜ್" ಬೇಡ. ಯೂರಿಕ್ ಆಸಿಡ್, ಆರ್‌ಎ ಫ್ಯಾಕ್ಟರ್ ಬರೀ ಟೊಂಕ ನೋವಿಗೆ ಏನೂ ಹೇಳುವುದಿಲ್ಲ. ಜ್ವರ, ತೂಕ ಇಳಿತ ಇದ್ದರೆ ಒಳಗಿನ ಉರಿಯೂತ ಹಿಡಿಯುವ ಇಎಸ್‌ಆರ್ ಮತ್ತು ಸಿಆರ್‌ಪಿ ಸಸ್ತಾ, ಉಪಯೋಗದ್ದು. ನರದ ಕರೆಂಟ್ ಪರೀಕ್ಷೆಯನ್ನು ನೋವು ಶುರುವಾದ ಮೂರು ವಾರದೊಳಗೆ ಮಾಡಿಸಿದರೆ ತಪ್ಪಾಗಿ "ಎಲ್ಲ ಸರಿ" ಎಂದು ಬರಬಹುದು.

ನಿಮ್ಮದು ಯಾವ ಬಗೆ?

ಇಪ್ಪತ್ತೈದರ ಹುಡುಗ. ಬೆಳಿಗ್ಗೆ ಎದ್ದಾಗ ಟೊಂಕ ಅರ್ಧ ತಾಸಿಗಿಂತ ಜಾಸ್ತಿ ಬಿಗಿದಿರುತ್ತದೆ, ಓಡಾಡಿದರೆ ಸಡಿಲ, ಕೂತರೆ ಮತ್ತೆ ಬಿಗಿ. ಮೂರು ತಿಂಗಳು ದಾಟಿದೆ. ಇದು ಭಾರ ಎತ್ತಿದ ನೋವಲ್ಲ, ಉರಿಯೂತದ ಬೆನ್ನು ನೋವು ಇರಬಹುದು. ಇಲ್ಲಿ ಖರ್ಚು ಮಾಡಿ. ರುಮಟಾಲಜಿ (ಕೀಲುವಾತದ) ತಜ್ಞರು, ಬೆನ್ನೆಲುಬು ಸೊಂಟದ ಎಲುಬಿಗೆ ಸೇರುವ ಕೀಲಿನ ಚಿತ್ರ, ಎಚ್‌ಎಲ್‌ಎ-ಬಿ27 ರಕ್ತ ಪರೀಕ್ಷೆ, ಬೆಳಗಾವಿವರೆಗೆ ಹೋಗಬೇಕಾದರೂ ಹೋಗಿ. ಈ ಹುಡುಗರು "ಗ್ಯಾಸ್, ವಾಯು" ಎಂದು ವರ್ಷಗಟ್ಟಲೆ ತಿರುಗುತ್ತಾರೆ. ಆದರೆ ಈ ಲಕ್ಷಣ ಇಲ್ಲದವರು ಬಿ27 ಮಾಡಿಸಬೇಡಿ, ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುವುದುಂಟು.

ಅರವತ್ತೈದರ ಕಾಕಾ. ಸಂತೆಗೆ ನಡೆಯುತ್ತಾ ಎರಡೂ ಕಾಲು ಜೋಮು ಹಿಡಿಯುತ್ತವೆ, ಕಟ್ಟೆ ಮೇಲೆ ಕೂತರೆ ಅಥವಾ ಮುಂದೆ ಬಾಗಿದರೆ ಆರಾಮ. ಸೈಕಲ್ ಮಾತ್ರ ಎಷ್ಟು ದೂರ ಬೇಕಾದರೂ ಹೊಡೆಯುತ್ತಾರೆ. ನರದ ಹಾದಿ ಕಿರಿದಾದ ಲಕ್ಷಣ ಇದು. ಕೂರದೆ ಸುಮ್ನೆ ನಿಂತರೂ ಕಡಿಮೆಯಾಗುತ್ತದೆ ಅಂದರೆ ಕಾಲಿನ ರಕ್ತನಾಳವನ್ನು ಮೊದಲು ನೋಡಿಸಿ, ಬೀಡಿ ಸೇದುವವರಾದರೆ ಖಂಡಿತ. ಪಾದದ ನಾಡಿ ಮುಟ್ಟಿ ನೋಡುವ ಡಾಕ್ಟರಿಗೆ ಈ ಎರಡರ ಫರಕು ಬೇಗ ತಿಳಿಯುತ್ತದೆ.

ಬಚ್ಚಲಲ್ಲಿ ಜಾರಿದ ಅಜ್ಜಿಗೆ ಎಕ್ಸ್‌ರೇ ಮೊದಲು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತಾ ಅಲೆ ಅಲೆಯಾಗಿ ಬಂದು ಉರುಳಾಡಿಸುವ ನೋವಾದರೆ ಅದು ಟೊಂಕದ್ದೇ ಅಲ್ಲ, ಕಿಡ್ನಿ ಕಲ್ಲು ಇರಬಹುದು. ಸೋನೋಗ್ರಫಿ ಮಾಡಿಸಿ.

ಖಣದ ನೇಕಾರ, ನಲವತ್ತು, ಸಂಜೆ ಹೊತ್ತಿಗೆ ಟೊಂಕ ಹಿಡಿಯುತ್ತದೆ, ಕಾಲಿಗೆ ಇಳಿದಿಲ್ಲ. ಪಿಎಚ್‌ಸಿಯಲ್ಲಿ ಒಮ್ಮೆ ಪೂರ್ತಿ ಪರೀಕ್ಷೆ, ಆಮೇಲೆ ಫಿಸಿಯೋ. ಚಿತ್ರ ಬೇಡ. ಅರ್ಧ ತಾಸಿಗೊಮ್ಮೆ ಮಗ್ಗದಿಂದ ಎದ್ದು ನಾಲ್ಕು ಹೆಜ್ಜೆ.

ಯಾರ ಹತ್ತಿರ ಹೋದರೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವತ್ತು ಶುರುವಾಯಿತು, ಏನು ಮಾಡುವಾಗ, ಕಾಲಿನಲ್ಲಿ ಎಲ್ಲಿಯವರೆಗೆ ಇಳಿಯುತ್ತದೆ, ಬೆಳಿಗ್ಗೆ ಎಷ್ಟು ಹೊತ್ತು ಬಿಗಿ, ಏನೇನು ಗುಳಿಗೆ ತಿಂದಿರಿ, ಕೆಲಸ ಏನು. ನಿದ್ದೆ ಇಲ್ಲ, ಸಾಲದ ಚಿಂತೆ ಇದೆ ಅಂದರೆ ಅದನ್ನೂ ಹೇಳಿ. ನೋವು ತಿಂಗಳುಗಟ್ಟಲೆ ಎಳೆಯುವುದರಲ್ಲಿ ಅದರ ಪಾಲೂ ಇರುತ್ತದೆ. ಹಳೇ ಫಿಲಂ ಇದ್ದರೆ ಮಡಚದೆ ಒಯ್ಯಿರಿ. ಆದರೆ ಹೋದ ಕೂಡಲೇ ಟೇಬಲ್ ಮೇಲೆ ಇಡಬೇಡಿ. ಡಾಕ್ಟರು ನಿಮ್ಮ ಕಾಲು ನೋಡಿ ಮುಗಿಸಲಿ, ಆಮೇಲೆ ಕವರ್ ತೆಗೆಯಿರಿ.